ತಪ್ಪೊಪ್ಪಿಗೆನೂ ಅಷ್ಟೇ ದೊಡ್ಡದಾಗಿ ಹಾಕಿ

ಸಂಪಾದಕರಿಗೆ ನಮಸ್ಕಾರ,

ಡ್ರೋನ್ ದಾಳಿ ಸುದ್ದಿ ಬಂದಾಗೆಲ್ಲ ಪೇಪರಲ್ಲಿ ಇಷ್ಟು ಉಗ್ರರು ಫಿನಿಶ್ ಅಂತಲೇ ಹೆಡ್ಡಿಂಗ್ ಇರ್ತದೆ, ಸತ್ತವರು ಉಗ್ರರು ಅಂತ ಹೇಳಿದ್ಯಾರು ಅಂತ ನೋಡಿದ್ರೆ ಮಿಸೈಲ್ ಬಿಟ್ಟವರೇ. ಅದನ್ನ ಹಾಗೇ ಪ್ರಿಂಟ್ ಮಾಡಬೇಡಿ ಅಂತ ಕೇಳೋಕೆ ಈ ಪತ್ರ.

2021ರ ಆಗಸ್ಟ್ 29, ಕಾಬೂಲ್. ಅಮೆರಿಕದವರು ಒಂದು ಬಿಳಿ ಟೊಯೊಟಾ ಕಾರನ್ನ ಸುಮಾರು ಎಂಟು ತಾಸು ಮೇಲಿಂದ ನೋಡ್ತಾ ಇದ್ದು, ಅದಕ್ಕೆ ಕ್ಯಾನ್ ತುಂಬ್ತಿದ್ದಾರೆ, ಅದು ಸ್ಫೋಟಕವೇ ಅಂತ ತೀರ್ಮಾನ ಮಾಡಿ ಹೊಡೆದುಬಿಟ್ರು. ಆ ಕಾರು ಓಡಿಸ್ತಿದ್ದ ಮನುಷ್ಯ ಅಮೆರಿಕದ್ದೇ ಒಂದು ನೆರವು ಸಂಸ್ಥೇಲಿ ಕೆಲಸ ಮಾಡೋನು, ಕ್ಯಾನಲ್ಲಿ ಇದ್ದದ್ದು ಮನೆಗೆ ಒಯ್ಯೋ ನೀರು. 10 ಜನ ಸತ್ರು, ಅದ್ರಲ್ಲಿ 7 ಮಕ್ಕಳು. ಮೊದಲು ದಾಳಿ ಸರಿಯಾಗೇ ಇತ್ತು ಅಂದ್ರು, ಪತ್ರಕರ್ತರು ಬೆನ್ನು ಹತ್ತಿ ಸತ್ಯ ತೆಗೆದ ಮೇಲೆ ಸೆಪ್ಟೆಂಬರ್ 17ಕ್ಕೆ ತಪ್ಪಾಯ್ತು ಅಂದ್ರು, ಡಿಸೆಂಬರಲ್ಲಿ ಯಾರಿಗೂ ಶಿಕ್ಷೆ ಇಲ್ಲ ಅಂದ್ರು.

ಆ ಕ್ಯಾನ್ ವಿಷಯ ನನ್ನ ತಲೆಯಿಂದ ಹೋಗೋದೇ ಇಲ್ಲ. ನಾನು ಬೈತಖೋಲ ಬಂದರಿನ ಹತ್ರ ಬೆಳೆದವಳು, ಅಪ್ಪ ಬೋಟಲ್ಲಿ ಖಲಾಸಿ. ಬೆಳಗಿನ ಜಾವ ಕತ್ತಲಲ್ಲೇ ಐದಾರು ಗಂಡಸರು ಡೀಸೆಲ್ ಕ್ಯಾನು, ನೀರಿನ ಕ್ಯಾನು, ಐಸ್ ಬಾಕ್ಸು ಏರಿಸ್ತಾರೆ, ಮಾತಿಲ್ಲ ಕತೆಯಿಲ್ಲ ಗಡಿಬಿಡೀಲಿ ಹೊರಡ್ತಾರೆ. ಸಾವಿರಾರು ಮೈಲಿ ದೂರ ಸ್ಕ್ರೀನ್ ಮುಂದೆ ಕೂತವನಿಗೆ ಅದು ಏನಾಗಿ ಕಾಣ್ತದೆ ಹೇಳಿ. 2012ರ ಫೆಬ್ರವರಿಯಲ್ಲಿ ಕೇರಳದ ಕಡಲಲ್ಲಿ ಇಟಲಿ ಹಡಗಿನ ನೌಕಾಸೈನಿಕರು ಕಡಲ್ಗಳ್ಳರು ಅಂತ ತಿಳ್ಕೊಂಡು ನಮ್ಮ ಇಬ್ಬರು ಮೀನುಗಾರರನ್ನ ಗುಂಡು ಹಾರಿಸಿ ಕೊಂದ್ರಲ್ಲ, ಅದು ಹಗಲು ಹೊತ್ತಲ್ಲಿ, ಕಣ್ಣಿಗೆ ಕಾಣೋ ದೂರದಲ್ಲಿ. ಆ ಸುದ್ದಿ ಕೇಳಿ ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದು ನಂಗಿನ್ನೂ ನೆನಪಿದೆ.

ಸಂಶಯ ಇದ್ರೆ ಆ ವ್ಯಕ್ತಿಯನ್ನ ನಾಗರಿಕ ಅಂತಲೇ ತಿಳ್ಕೊಬೇಕು ಅಂತ ಯುದ್ಧದ ನಿಯಮ ಹೇಳೋ ಜಿನೀವಾ ಒಪ್ಪಂದಕ್ಕೆ 1977ರಲ್ಲಿ ಸೇರಿಸಿದ ಪ್ರೋಟೋಕಾಲಲ್ಲಿ ಇದೆ. ಅಮೆರಿಕ ಅದಕ್ಕೆ ಸಹಿ ಹಾಕಿಯೂ ಅಂಗೀಕರಿಸಿಲ್ಲ, ಭಾರತ ಅದನ್ನ ಸೇರಿಯೇ ಇಲ್ಲ. ಅದೇ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ತಗೊಳ್ಳೋಕೆ 2024ರ ಅಕ್ಟೋಬರಲ್ಲಿ ನಮ್ಮವರು ಸಹಿ ಹಾಕಿದ್ದಾರೆ, 15 ನೌಕಾಪಡೆಗೇ. ಸೀಬರ್ಡ್ ನೌಕಾನೆಲೆ ಇರೋ ಊರಿನವಳು ನಾನು, ನೌಕಾಪಡೆ ಮೇಲೆ ಗೌರವ ಇದೆ, ಕಡಲು ಕಾಯೋಕೆ ಡ್ರೋನ್ ಬೇಡ ಅಂತಲೂ ಹೇಳ್ತಿಲ್ಲ. ಆದ್ರೆ ತಪ್ಪಾಗಿ ಜನ ಸತ್ರೆ ತನಿಖೆ ಯಾರು ಮಾಡ್ತಾರೆ, ಹೊಡೆದವರೇನಾ ಬೇರೆಯವರಾ, ಸತ್ತವರ ಲೆಕ್ಕ ಜನರ ಮುಂದೆ ಇಡ್ತಾರಾ, ಇದನ್ನ ನಮ್ಮ ಜಿಲ್ಲೆಯ ಎಂಪಿ ಸಂಸತ್ತಲ್ಲಿ ಕೇಳಲಿ, ಒಂದು ಮಿಸೈಲ್ ಹಾರೋದಕ್ಕೂ ಮೊದಲೇ ಕೇಳಲಿ.

ನಿಮ್ಮ ಹತ್ರ ಕೇಳೋದು ಇಷ್ಟೇ ಸರ್. ಉಗ್ರರು ಸತ್ರು ಅಂತ ಬರೀಬೇಡಿ, ಉಗ್ರರು ಅಂತ ಸೇನೆ ಹೇಳಿದೆ ಅಂತ ಬರೀರಿ. ಆಮೇಲೆ ತಪ್ಪು ಅಂತ ಗೊತ್ತಾದ್ರೆ ಮೊದಲು ಹಾಕಿದ ಪೇಜಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ, ಸತ್ತ ಮಕ್ಕಳ ವಯಸ್ಸು ಸಮೇತ.

ಇಂತಿ,
ನಿಮ್ಮ ಓದುಗಳು, ಬೈತಖೋಲ, ಕಾರವಾರ