ಕ್ಯಾಪ್ಟನ್, ನೀನು ಹೇಳಿದ್ದೇ ಸರಿ ಇತ್ತು

ಕ್ಯಾಪ್ಟನ್,

ನಿನ್ನ ಮೆಸೇಜ್ ಬಂದಾಗ ಇಲ್ಲಿ ಶನಿವಾರ ರಾತ್ರಿ. ಟೊರೊಂಟೊದಲ್ಲಿ 2025ರ ಬೇಸ್‌ಬಾಲ್ ಫೈನಲ್ ಸರಣಿಯ ಏಳನೇ ಪಂದ್ಯ, ಒಂಬತ್ತಕ್ಕೆ ಮುಗಿಯದೆ, ಹನ್ನೊಂದನೇ ಇನಿಂಗ್ಸಿಗೆ ಹೋಗಿ ಮುಗಿದು ಐದು ನಿಮಿಷವೂ ಆಗಿರಲಿಲ್ಲ. "ನಮ್ಮ ಹುಡುಗ ಎರಡನೇ ಸಲ ಗೆದ್ದ ನೋಡು. ನೀನು ಹೇಳಿದ್ದೇ ಸರಿ ಕಣೋ. ಆವತ್ತೇ ಮಾರಿಬಿಡಬೇಕಿತ್ತು." ಇಷ್ಟೇ ಇತ್ತು ಅದರಲ್ಲಿ. ನಮ್ಮ ಹುಡುಗ ಅಂದರೆ ಶೋಹೇ ಒಹ್ತಾನಿ, ನಮ್ಮ ಏಂಜಲ್ಸ್ ತಂಡ ಬಿಟ್ಟು ಡಾಜರ್ಸ್‌ಗೆ ಹೋದವನು. ನಿನಗಲ್ಲಿ ಭಾನುವಾರ ಬೆಳಗ್ಗೆ. ಗಾಣದ ಸದ್ದಿನ ನಡುವೆ ನಿಂತು ಮೊಬೈಲಿನಲ್ಲಿ ನೋಡಿರಬೇಕು.

ಎರಡು ಸಾಲಿನ ಉತ್ತರ ಬರೆಯಲು ಹೋದೆ. ಆಗಲಿಲ್ಲ. ಉದ್ದ ಬರೆದರೆ ನೀನು ಹೇಗೂ ನಮ್ಮ ಬ್ಯಾಚಿನವರಿಗೆಲ್ಲ ತೋರಿಸ್ತೀಯ. ಅದಕ್ಕೇ ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ. ಛತ್ರಿಯ ವಿಷಯ ಇಲ್ಲಿ ತೆಗೆಯೋದಿಲ್ಲ, ಹೆದರಬೇಡ.

ಬೇರೆಯವರಿಗೋಸ್ಕರ ಸ್ವಲ್ಪ ಹೇಳಿಬಿಡ್ತೀನಿ. ಇಲ್ಲಿ ಅನಹೈಮಿನಲ್ಲಿ ಏಂಜಲ್ಸ್ ಅಂತ ಒಂದು ಬೇಸ್‌ಬಾಲ್ ತಂಡ ಇದೆ. ನಾವಿಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ದಿನಗಳಿಂದ ಅದೇ ನಮ್ಮ ತಂಡ. ಅವರು ಪ್ರಶಸ್ತಿ ಗೆದ್ದದ್ದು 2002ರಲ್ಲಿ, ಅದೊಂದೇ ಸಲ. ಜಪಾನಿನ ಶೋಹೇ ಒಹ್ತಾನಿ 2018ರಲ್ಲಿ ಇಲ್ಲಿಗೆ ಬಂದ. ಚೆಂಡು ಎಸೆಯುವವರು ಬೇರೆ, ಹೊಡೆಯುವವರು ಬೇರೆ ಅನ್ನುವ ಆಟದಲ್ಲಿ ಎರಡನ್ನೂ ಮಾಡಿದ. ಆರು ವರ್ಷ ಇದ್ದ. ಆ ಆರೂ ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ.

2023ರ ಜುಲೈಗೆ ಬಂದಾಗ ಅವನ ಒಪ್ಪಂದ ಮುಗಿಯಲು ಕೆಲವೇ ತಿಂಗಳು ಉಳಿದಿತ್ತು. ಆಟಗಾರರನ್ನು ಅದಲು ಬದಲು ಮಾಡಲು ಆಗಸ್ಟ್ 1 ಕೊನೇ ದಿನ. ಅಷ್ಟರೊಳಗೆ ಅವನನ್ನು ಕೊಟ್ಟು ನಾಲ್ಕೈದು ಒಳ್ಳೆಯ ಹುಡುಗರನ್ನು ತಂದು ಮೊದಲಿಂದ ತಂಡ ಕಟ್ಟಬಹುದಿತ್ತು. ಇಲ್ಲವೇ ಅವನನ್ನು ಇಟ್ಟುಕೊಂಡು, ಇರುವ ಹುಡುಗರನ್ನು ಕೊಟ್ಟು, ಈ ವರ್ಷವೇ ಗೆಲ್ಲಲು ನೋಡಬಹುದಿತ್ತು. ಐಪಿಎಲ್ ನೋಡುವವರಿಗೆ ಈ ಸಂಕಟ ಪೂರ್ತಿ ಅರ್ಥವಾಗೋದು ಕಷ್ಟ. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಎಲ್ಲರ ಅಂಗಳವನ್ನೂ ಗುಡಿಸಿಬಿಡುತ್ತದೆ. ಇಲ್ಲಿ ಹಾಗಿಲ್ಲ. ಹದಿನೆಂಟರ ಹುಡುಗನನ್ನು ಆರಿಸಿದರೆ ಅವನು ಬಲಿಯಲು ನಾಲ್ಕೈದು ವರ್ಷ ಬೇಕು. ಸೋತವರಿಗೆ ಮುಂದಿನ ಡ್ರಾಫ್ಟಿನಲ್ಲಿ, ಅಂದರೆ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವಾಗ, ಮುಂಚೆ ಆರಿಸುವ ಅವಕಾಶ ಜಾಸ್ತಿ. ಹಾಗಾಗಿ ಸೋಲುವುದೂ ಒಂದು ಲೆಕ್ಕಾಚಾರ.

ನಾನು ಮಾರಬೇಕು ಅಂದೆ. ನೀನು ಬೇಡ ಅಂದೆ. ನಿನ್ನ ಕಸುಬಿನ ಮಾತನ್ನೇ ತೆಗೆದು ನಿನಗೆ ಹೊಡೆದಿದ್ದೆ, ನೆನಪಿದೆಯಾ? "ಬಿತ್ತನೆಗೆ ಇಟ್ಟ ಶೇಂಗಾನ ಯಾರಾದರೂ ಹುರಿದು ತಿಂತಾರಾ?" ಅಂತ. ನೀನು ಚಳ್ಳಕೆರೆಯಿಂದ ತಣ್ಣಗೆ ಹೇಳಿದೆ: "ಶೇಂಗಾ ಬೀಜ ವರ್ಷಗಟ್ಟಲೆ ಇಟ್ಟರೆ ಮೊಳೆಯೋದೇ ಇಲ್ಲ ಮಾರಾಯ."

ಏಂಜಲ್ಸ್ ನಿನ್ನ ಮಾತು ಕೇಳಿದರು. ಜುಲೈ 26ಕ್ಕೆ ಶಿಕಾಗೋ ವೈಟ್ ಸಾಕ್ಸ್‌ನಿಂದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಇಬ್ಬರನ್ನೂ ತಂದರು. ಬದಲಿಗೆ ಬೆಳೆಯುತ್ತಿದ್ದ ಇಬ್ಬರು ಹುಡುಗರನ್ನು ಕೊಟ್ಟರು. ಮಾರನೇ ದಿನ ಡೆಟ್ರಾಯ್ಟಿನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ಒಹ್ತಾನಿ ಒಂಬತ್ತೂ ಇನಿಂಗ್ಸ್ ತಾನೇ ಎಸೆದ. ಎದುರಾಳಿಗೆ ಒಂದೇ ಹಿಟ್, ಒಂದು ರನ್ನೂ ಇಲ್ಲ. ಎರಡನೆಯದರಲ್ಲಿ ಎರಡು ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥವು, ಹೊಡೆದ. ಆ ರಾತ್ರಿ ನೀನು ಮಲಗಲೇ ಇಲ್ಲ. ನಾನೂ ಆಫೀಸಿನಲ್ಲಿ ಕೆಲಸ ಮಾಡಲಿಲ್ಲ.

ಒಂದು ವಾರ ಅಷ್ಟೇ. ಆಗಸ್ಟ್ 3ರಂದು ಸಿಯಾಟಲ್ ವಿರುದ್ಧ ಒಹ್ತಾನಿ ನಾಲ್ಕು ಇನಿಂಗ್ಸ್ ರನ್ ಕೊಡದೆ ಎಸೆದ. ಬೆರಳಿಗೆ ಸೆಳೆತ ಬಂದು ಎಸೆಯುವುದನ್ನು ಬಿಟ್ಟ. ಬ್ಯಾಟು ಬಿಡಲಿಲ್ಲ. ಎಂಟನೇ ಇನಿಂಗ್ಸಿನಲ್ಲಿ ಆ ವರ್ಷದ ನಲವತ್ತನೇ ಹೋಮ್ ರನ್ ಹೊಡೆದ. ನಾವು 3–1ರಿಂದ ಮುಂದಿದ್ದೆವು. ಒಂಬತ್ತನೇ ಇನಿಂಗ್ಸಿನಲ್ಲಿ ಕೇಡ್ ಮಾರ್ಲೋ ಅನ್ನುವ ಹೊಸ ಹುಡುಗ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ, ಒಂದೇ ಹೊಡೆತಕ್ಕೆ ನಾಲ್ಕು ರನ್. ಸಿಯಾಟಲ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದುಕೊಂಡು ಹೋಯಿತು. ಆಗಸ್ಟ್ 23ಕ್ಕೆ ಒಹ್ತಾನಿಯ ಮೊಣಕೈಯ ಅಸ್ಥಿರಜ್ಜು (ಲಿಗಮೆಂಟ್) ಹರಿಯಿತು. ತಿಂಗಳ ಕೊನೆಗೆ ಜಿಯೊಲಿಟೊನನ್ನೂ ಲೋಪೆಜ್‌ನನ್ನೂ ಸಂಬಳ ಉಳಿದರೆ ಸಾಕು ಅಂತ ಬಿಟ್ಟುಕೊಟ್ಟರು. ಡಿಸೆಂಬರಿನಲ್ಲಿ ಒಹ್ತಾನಿ ಅರ್ಧ ಗಂಟೆ ದೂರದ ಲಾಸ್ ಏಂಜಲೀಸ್ ಡಾಜರ್ಸ್‌ಗೆ ಹೋದ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಮರುವರ್ಷ ನಾವು 99 ಪಂದ್ಯ ಸೋತೆವು. ಈ ತಂಡ ಯಾವತ್ತೂ ಅಷ್ಟು ಸೋತಿರಲಿಲ್ಲ.

ಇಷ್ಟನ್ನೂ ನೋಡಿದವರು ನಾನು ಹೇಳಿದ್ದು ಸರಿ ಅಂತಾರೆ. ನೀನೂ ಈಗ ಅದನ್ನೇ ಹೇಳ್ತಿದ್ದೀಯ. ಬೇಡ ಕ್ಯಾಪ್ಟನ್. ಆ ಮಾತು ನನಗೆ ಹಿಡಿಸ್ತಾ ಇಲ್ಲ.

ಜಿಯೊಲಿಟೊನ ಕಥೆಯನ್ನೇ ನೋಡು. ಅವನು ವೈಟ್ ಸಾಕ್ಸ್‌ಗೆ ಬಂದದ್ದು ಹೇಗೆ? 2016ರ ಡಿಸೆಂಬರಿನಲ್ಲಿ ಅವರು ಹೊಸದಾಗಿ ತಂಡ ಕಟ್ಟಲು ಹೊರಟರು. ಕ್ರಿಸ್ ಸೇಲ್‌ನನ್ನು ಬಾಸ್ಟನ್‌ಗೆ ಕೊಟ್ಟರು. ಮಾರನೇ ದಿನ ಆಡಮ್ ಈಟನ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ತಂದ ಹುಡುಗರಲ್ಲಿ ಇವನೂ ಒಬ್ಬ. ಅಂದರೆ ಅವನು ಅವರ ಬಿತ್ತನೆ ಬೀಜ. ಎಲ್ಲವನ್ನೂ ಶಿಸ್ತಾಗಿ ಮಾಡಿದರು. ವರ್ಷಗಟ್ಟಲೆ ಸೋತರು, ಕಾದರು, ಬೆಳೆಸಿದರು. 2020, 2021ರಲ್ಲಿ ಪ್ಲೇಆಫ್‌ಗೆ ಹೋದರು. ಎರಡು ಸಲವೂ ಆಡಿದ ಮೊದಲ ಸರಣಿಯಲ್ಲೇ ಸೋತರು. ಅಲ್ಲಿಗೆ ಮುಗಿಯಿತು. 2024ರಲ್ಲಿ 121 ಪಂದ್ಯ ಸೋತರು. ಆಧುನಿಕ ಬೇಸ್‌ಬಾಲಿನಲ್ಲಿ ಅಷ್ಟು ಸೋತವರು ಬೇರೆ ಯಾರೂ ಇಲ್ಲ. ಮನೆ ಕಟ್ಟಿದ್ದೇ ಬಂತು, ಗೃಹಪ್ರವೇಶ ಆಗಲೇ ಇಲ್ಲ.

ಹ್ಯೂಸ್ಟನ್ ಗೆದ್ದಿತಲ್ಲ ಅಂತೀಯ. ಗೆದ್ದಿತು. 2011ರಿಂದ ಮೂರು ವರ್ಷ 106, 107, 111 ಪಂದ್ಯ ಸೋತು 2017ರಲ್ಲಿ ಗೆದ್ದರು. ಎದುರಾಳಿಗಳು ತಮ್ಮ ಎಸೆತಗಾರನಿಗೆ ಮಾಡುವ ಸನ್ನೆ ಕದ್ದ ವಿಷಯ ಆಮೇಲೆ ಹೊರಗೆ ಬಂತು. ಅವರನ್ನು ನೋಡಿ ಎಷ್ಟೋ ತಂಡಗಳು ಸೋಲುವುದನ್ನು ಕಲಿತವು. ಗೆಲ್ಲುವುದನ್ನು ಎಲ್ಲರೂ ಕಲಿಯಲಿಲ್ಲ.

ನನಗೆ ಈಗ ಮತ್ತೆ ಮತ್ತೆ ನೆನಪಾಗೋದು ಕಾನ್ಸಾಸ್ ಸಿಟಿ. 2014ರ ಅಕ್ಟೋಬರ್ ನಾವಿಬ್ಬರೂ ಕ್ರೀಡಾಂಗಣದಲ್ಲೇ ಇದ್ದೆವು. ಆ ವರ್ಷ 98 ಗೆಲುವು, ಇಡೀ ಲೀಗಿನಲ್ಲಿ ನಮ್ಮದೇ ಜಾಸ್ತಿ. ಅಲ್ಲಿನ ರಾಯಲ್ಸ್ ತಂಡ ಬಂದು ಎರಡು ರಾತ್ರಿಯೂ ಹನ್ನೊಂದನೇ ಇನಿಂಗ್ಸಿನಲ್ಲಿ ನಮ್ಮನ್ನು ಸೋಲಿಸಿತು. ಮೊದಲ ರಾತ್ರಿ ಮುಸ್ಟಾಕಸ್, ಎರಡನೇ ರಾತ್ರಿ ಹಾಸ್ಮರ್. ಮೂರನೆಯದನ್ನು ಅವರ ಊರಿನಲ್ಲಿ ಜೇಮ್ಸ್ ಶೀಲ್ಡ್ಸ್ ಎಸೆದು ಮುಗಿಸಿದ. ಆ ಶೀಲ್ಡ್ಸ್‌ನನ್ನು ತರಲು ಅವರು 2012ರಲ್ಲಿ ವಿಲ್ ಮೈಯರ್ಸ್ ಅನ್ನುವ ತಮ್ಮ ಅತಿ ಒಳ್ಳೆಯ ಹುಡುಗನನ್ನು ಕೊಟ್ಟಿದ್ದರು. ಮುಂದಿನ ವರ್ಷವೇ ಮೈಯರ್ಸ್ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ. ಎಷ್ಟು ಜನ ಬೈದರು! 2014ರಲ್ಲಿ ಫೈನಲಿನ ಏಳನೇ ಪಂದ್ಯ ಸೋತರು. ಸಮ ಮಾಡುವ ರನ್ ಮೂರನೇ ಬೇಸಿನಲ್ಲಿ ನಿಂತೇ ಇತ್ತು. 2015ರಲ್ಲಿ ಐವರು ಯುವ ಎಸೆತಗಾರರನ್ನು ಕೊಟ್ಟು ಕ್ವೇಟೊ, ಜೊಬ್ರಿಸ್ಟ್ ಇಬ್ಬರನ್ನೂ ತಂದರು. ಗೆದ್ದರು. ಮೂವತ್ತು ವರ್ಷದ ಮೇಲೆ ಗೆದ್ದರು. ಮೆರವಣಿಗೆಗೆ ಎಂಟು ಲಕ್ಷ ಜನ ಬಂದಿದ್ದರು ಅಂತ ಅಂದಾಜು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಆಮೇಲೆ 2018ರಲ್ಲಿ 104, 2019ರಲ್ಲಿ 103 ಸೋಲು. ಆ ಸಾಲ ತೀರಿಸಲೇಬೇಕಿತ್ತು, ತೀರಿಸಿದರು.

ಏಂಜಲ್ಸ್ ತಪ್ಪು ಮಾಡಿದ್ದು 2023ರಲ್ಲಿ ಅಲ್ಲ. ಅದಕ್ಕೂ ಮುಂಚಿನ ಹತ್ತು ವರ್ಷ. ಪೂರ್ತಿ ಕಟ್ಟಲಿಲ್ಲ, ಪೂರ್ತಿ ನುಗ್ಗಲೂ ಇಲ್ಲ. ಪೂಹೋಲ್ಸ್‌ಗೆ 24 ಕೋಟಿ, ರೆಂಡಾನ್‌ಗೆ 24.5 ಕೋಟಿ ಡಾಲರ್ ಸುರಿದರು. ಎಸೆತಗಾರರನ್ನು ಮಾತ್ರ ಬೆಳೆಸಲಿಲ್ಲ. ಪ್ರತಿ ವರ್ಷ "ಮುಂದಿನ ವರ್ಷ ನೋಡೋಣ". ಮೈಕ್ ಟ್ರೌಟ್‌ನಂಥ ಆಟಗಾರ ಇದ್ದೂ ಅವನು 2025ರವರೆಗೆ ಆಡಿದ ಪ್ಲೇಆಫ್ ಪಂದ್ಯ ಮೂರೇ ಮೂರು. ನಾವು ನೋಡಿದ ಆ ಎರಡೂ ಅದರಲ್ಲಿವೆ.

ಆ ಟ್ರೌಟ್ ಹನ್ನೆರಡು ವರ್ಷಕ್ಕೆ ಸಹಿ ಹಾಕಿದ 2019ರ ಮಾರ್ಚ್ ತಿಂಗಳಲ್ಲೇ ನೀನು ಊರಿಗೆ ಹೊರಟೆ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ದಾರಿಯಲ್ಲಿ ನೀನು ಕೇಳಿದೆ, "ಗಾಣಕ್ಕೆ ಪಾಲುದಾರನಾಗಿ ಬಾರೋ" ಅಂತ. ಗ್ರೀನ್ ಕಾರ್ಡ್ ಆಗಲಿ, ಇನ್ನೆರಡು ವರ್ಷ ಅಂದೆ ನಾನು.

ಗ್ರೀನ್ ಕಾರ್ಡ್ ಕಾರಣ ಆಗಿರಲಿಲ್ಲ. ದುಡ್ಡೂ ಇತ್ತು. ಹೆದರಿಕೆ ಕಣೋ. ಇಲ್ಲಿ ಕೆಲಸ ಹೋದರೆ ಯಾರಿಗೂ ಗೊತ್ತಾಗೋದಿಲ್ಲ. ಅಲ್ಲಿ ಸೋತರೆ ಅಪ್ಪನ ಕಣ್ಣೆದುರು, ಇಡೀ ಬೀದಿಯ ಕಣ್ಣೆದುರು ಸೋಲಬೇಕು.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಇನ್ನೊಂದಿದೆ. 2020ರಲ್ಲಿ ಲಾಕ್‌ಡೌನ್ ಆಗಿ ಗಾಣ ನಿಂತಿತ್ತು. ಸಾಲದ ಕಂತು ಹೇಗೆ ಕಟ್ಟಲಿ ಅಂತ ರಾತ್ರಿ ಫೋನ್ ಮಾಡಿದ್ದೆ ನೀನು. ನಾನು ಸಮಾಧಾನ ಹೇಳಿದೆ. ಮಾರನೇ ದಿನ ಒಂದಿಷ್ಟು ದುಡ್ಡೂ ಕಳಿಸಿದೆ. ನೀನು ಅದನ್ನು ಇವತ್ತಿಗೂ ಎಲ್ಲರ ಹತ್ತಿರ ಹೇಳ್ತೀಯ. ಫೋನಿಟ್ಟ ಕೂಡಲೇ ನನಗೆ ಏನನ್ನಿಸಿತು ಅಂತ ನಿನಗೆ ಗೊತ್ತಿಲ್ಲ. 'ಸದ್ಯ, ನಾನು ಹೋಗಲಿಲ್ಲ' ಅನ್ನಿಸಿತು. ಮೊದಲು ಬಂದದ್ದು ಅದು. ನಿನ್ನ ಸಂಕಟ ಆಮೇಲೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾರ್ಲೋ ಆ ಹೊಡೆತ ಹೊಡೆದಾಗ ನೀನು ಫೋನಿನಲ್ಲೇ "ಅಯ್ಯೋ" ಅಂದೆ. ನನಗೆ ಆಗಲೂ ಒಳಗೆ ಅದೇ ನೆಮ್ಮದಿ. 'ಹೇಳಿದ್ದೆನಲ್ಲ' ಅಂತ. ನನ್ನದೇ ತಂಡ ಸೋತಾಗ! ಶನಿವಾರ ನಿನ್ನ ಮೆಸೇಜ್ ಓದಿದಾಗಲೂ ಮೊದಲು ಒಂದು ಕ್ಷಣ ಹಾಗೇ ಆಯಿತು. ಆಮೇಲೆ ಮೈ ಝುಂ ಅಂದಿತು. ಪ್ರಯತ್ನ ಪಟ್ಟವರು ಸೋಲಲಿ ಅಂತ ಒಳಗೊಳಗೇ ಕಾಯುವವನಾಗಿದ್ದೇನಾ ನಾನು? ಎರಡು ದಿನದಿಂದ ಇದೇ ತಲೆಯಲ್ಲಿದೆ. ಅದಕ್ಕೇ ಕೇಳ್ಕೋತೀನಿ, ನಾನು ಸರಿ ಅಂತ ಮಾತ್ರ ಇನ್ನೊಮ್ಮೆ ಹೇಳಬೇಡ. ನೀನು ಹೋದೆ. ಗಾಣ ನಿಂತಿತು, ಮತ್ತೆ ತಿರುಗಿತು. ಆ ಒಂದು ವಾರ ಏಂಜಲ್ಸ್ ಕೂಡ ಹಾಗೇ ಹೋದರು. ಮಾರಿದ್ದರೆ ಡೆಟ್ರಾಯ್ಟಿನ ಮೇಲೆ ಬಂದ ಆ ವಾರ ನಮಗೆ ಇರುತ್ತಲೇ ಇರಲಿಲ್ಲ.

ಸರಿ, ಸಾಕು. ಎಲ್ಲಿಂದ ಎಲ್ಲಿಗೋ ಹೋಯಿತು. ನಿನ್ನ ಹೆಂಡತಿ ಇದನ್ನು ಓದಿದರೆ, ಅಂದು ಕಳಿಸಿದ ಚಟ್ನಿಪುಡಿ ಇನ್ನೂ ಮುಗಿದಿಲ್ಲ ಅಂತ ಹೇಳು. ಮುಗಿದಿದೆ. ಆದರೆ ಹಾಗೇ ಹೇಳು, ಇಲ್ಲದಿದ್ದರೆ ಅವರು ಐದು ಕೇಜಿ ಕಳಿಸ್ತಾರೆ.

ಈಗ ಏನು ಮಾಡಬೇಕು ಅಂತ ಕೇಳಿದ್ದೆಯಲ್ಲ? 2025ರಲ್ಲಿ 90 ಸೋಲು. ಈಗ ಮಾರಲಿ, ಮೊದಲಿಂದ ಕಟ್ಟಲಿ. ಈಗ ಅದೇ ಸರಿ. ಕೈಯಲ್ಲಿ ಒಹ್ತಾನಿ ಇದ್ದಾಗ ನುಗ್ಗಬೇಕು, ಇಲ್ಲದಾಗ ಬಿತ್ತಬೇಕು. ಟ್ರೌಟ್ ಮಾತ್ರ ಇರಲಿ. ಅವನನ್ನು ಬೇರೆ ಬಟ್ಟೆಯಲ್ಲಿ ನೋಡೋಕೆ ನನ್ನಿಂದ ಆಗೋದಿಲ್ಲ, ನಿನ್ನಿಂದಲೂ ಆಗೋದಿಲ್ಲ.

ಸೆಪ್ಟೆಂಬರಿನಲ್ಲಿ ಒಬ್ಬನೇ ಹೋಗಿದ್ದೆ. ನಮ್ಮ ಹಳೇ ಸಾಲಿನ ಅಜ್ಜಿ ಇನ್ನೂ ಬರ್ತಾರೆ, ನಿನ್ನನ್ನು ಕೇಳಿದರು. ಕ್ರೀಡಾಂಗಣದ ಶೇಂಗಾ ಈಗಲೂ ಹಾಗೇ ಇದೆ. ನೀನು ಮೊದಲ ದಿನ ಬಾಯಿಗೆ ಹಾಕಿ ಏನಂದೆ ಅಂತ ಅಜ್ಜಿ ಮರೆತಿಲ್ಲ. ಆವತ್ತು ಗೆದ್ದೆವು. ವಾಪಸ್ ಬರುವಾಗ 57ನೇ ಹೆದ್ದಾರಿಯಿಂದ ತಿರುಗಿ ನೋಡಿದೆ. ಪಾರ್ಕಿಂಗಿನ ಆ ದೊಡ್ಡ 'ಎ' ಮೇಲಿನ ಬಳೆ ಉರೀತಾ ಇತ್ತು. ಪಕ್ಕದ ಸೀಟಿನಲ್ಲಿ ನಮ್ಮ ಬೊಂಬೆ ಕೋತಿಯನ್ನು ಕೂರಿಸಿದ್ದೆ. ಅದರ ಬಾಲ ಹೊಲಿಸಿದ್ದೇನೆ. ನೀನು ಬಂದಾಗ ಕೊಡ್ತೀನಿ, ಇಲ್ಲವೇ ನಾನೇ ತರ್ತೀನಿ.

ನಿನ್ನ
ಹನ್ನೆರಡನೆಯವನು