ಗೆಳೆಯನಿಗೊಂದು ಪತ್ರ: ವರಾದೆರೊದ ಗೇಟಿನಲ್ಲಿ

ಪ್ರೀತಿಯ ಗೆಳೆಯ,

ಕ್ಯೂಬಾ ಹೇಗಿತ್ತು ಅಂತ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು 'ಚೆನ್ನಾಗಿತ್ತು ಕಣೋ' ಅಂತ ಜಾರಿಕೊಂಡೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಚೆ ಗೆವಾರನ ಟೀ ಶರ್ಟನ್ನು ಒಗೆಯದೆ ವಾರವಿಡೀ ಹಾಕುತ್ತಿದ್ದವನು ನೀನು. ನಿಜ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀಯೇನೋ ಅನ್ನಿಸಿತ್ತು.

ಟೊರಾಂಟೊದ ಚಳಿ ತಡೆಯಲಾರದೆ ಕ್ಯೂಬಾಕ್ಕೆ ಹಾರುವುದು ಇಲ್ಲಿನವರ ರೂಢಿ. ಅಲ್ಲಿನ ಪ್ರವಾಸಿಗರಲ್ಲಿ ಕೆನಡಾದವರೇ ಜಾಸ್ತಿ. ನಾವೂ ಆಫೀಸಿನ ಆರು ಜನ ವರಾದೆರೊ ಬೀಚಿಗೆ ಹೋದೆವು. ಹೋಟೆಲಿಗೆ ಕಾಲಿಟ್ಟ ಕೂಡಲೇ ಕೈಗೊಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಊಟ, ತಿಂಡಿ, ಕುಡಿಯೋದು ಎಲ್ಲಕ್ಕೂ ಅದೇ ಚೀಟಿ.

ಎರಡನೇ ರಾತ್ರಿ ಬೀಚಿನಿಂದ ಸಹೋದ್ಯೋಗಿಯೊಬ್ಬನ ಜತೆ ವಾಪಸ್ ಬರುತ್ತಿದ್ದೆ. ಅವನು ಬಿಳಿಯ. ನಾನು ನಮ್ಮ ಸೋದರತ್ತೆ ಹೇಳುವ ಹಾಗೆ 'ಎಣ್ಣೆಗೆಂಪು'. ಅಂದರೆ ಕಪ್ಪು. ಮೇಲೆ ಗುಂಗುರು ಕೂದಲು ಬೇರೆ. ಕಾವಲುಗಾರ ಅವನಿಗೆ ನಗುತ್ತಾ ದಾರಿ ಬಿಟ್ಟ, ನನಗೆ ಅಡ್ಡ ನಿಂತ. 'ಕಾರ್ನೆ' ಅಂದ. ಕ್ಯೂಬಾದವರ ಗುರುತಿನ ಚೀಟಿ ಅದು. ನನಗೆ ತಲೆಬುಡ ಅರ್ಥವಾಗಲಿಲ್ಲ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿ ಮಾತ್ರ ಚೆನ್ನಾಗಿ ಅರ್ಥವಾಯಿತು. ತೋಳು ಮಡಚಿ ಪಟ್ಟಿ ತೋರಿಸಿದೆ. ಮುಖವೇ ಬದಲಾಯಿತು. 'ಪೆರ್ದೋನ್, ಸೆನ್ಯೋರಾ.' ಆತನೂ ಕರಿಯನೇ ಮಾರಾಯ.

ಸಹೋದ್ಯೋಗಿಗೆ ಇದು ತಮಾಷೆ. 'ನಿನ್ನನ್ನು ಹಿನೆತೇರಾ ಅಂದುಕೊಂಡ' ಅಂತ ನಕ್ಕ. ಕುದುರೆ ಸವಾರಿ ಮಾಡುವವಳು ಅಂತ ಆ ಪದದ ಅರ್ಥ. ಪ್ರವಾಸಿಗರ ಬೆನ್ನು ಹತ್ತಿ ದುಡ್ಡು ಗಿಟ್ಟಿಸುವವಳು ಅಂತ ಬಳಕೆ. ಬೆಳ್ಳಗಿನ ಕ್ಯೂಬಾ ಹುಡುಗಿ ವಿದೇಶಿಯ ಜತೆ ನಡೆದರೆ ಗೆಳತಿ ಇರಬಹುದು ಅಂದುಕೊಳ್ಳುತ್ತಾರೆ. ಕಪ್ಪಗಿದ್ದರೆ ಕೇಳುವುದೇ ಬೇಡ, ಇದೇ ಪದ. ಹಾಗೆ ಪೊಲೀಸರ ಕೈಗೆ ಸಿಕ್ಕಿ, ಅಪರಾಧ ಸಾಬೀತಾಗದಿದ್ದರೂ 'ಅಪಾಯಕಾರಿ ನಡತೆ' ಅನ್ನುವ ಕಾನೂನಿನಡಿ ಪುನರ್ವಸತಿ ಕೇಂದ್ರ ಸೇರಿದ ಹೆಣ್ಣುಮಕ್ಕಳಿದ್ದಾರೆ. ಆ ಕಾನೂನು ಹೋಗಿದ್ದು 2022ರಲ್ಲಿ.

ನಿನ್ನ ಚೆ, ಕ್ಯಾಸ್ಟ್ರೊ ಸೇರಿ ಮಾಡಿದ ಕ್ರಾಂತಿಯನ್ನು ನಾನು ಹೀಯಾಳಿಸುತ್ತಿಲ್ಲ. 1959ರ ಆ ಕ್ರಾಂತಿಗೆ ಮುಂಚೆ ಅಲ್ಲಿನ ಎಷ್ಟೋ ಬೀಚು, ಕ್ಲಬ್ಬುಗಳಿಗೆ ಕರಿಯರಿಗೆ ಪ್ರವೇಶವೇ ಇರಲಿಲ್ಲ. ಕ್ಯಾಸ್ಟ್ರೊ ಸರ್ಕಾರ ಅವನ್ನು ಎಲ್ಲರಿಗೂ ತೆರೆಯಿತು. 1975ರಲ್ಲಿ ಗಂಡನೂ ಮನೆಗೆಲಸ ಹಂಚಿಕೊಳ್ಳಬೇಕು ಅಂತ ಕಾನೂನೇ ತಂತು. ನಮ್ಮಲ್ಲಿ ಅಂಥದ್ದನ್ನು ತಂದರೆ ಏನಾದೀತು, ಊಹಿಸಿಕೋ! ಆಮೇಲೆ 1991ರಲ್ಲಿ, ಕ್ಯೂಬಾಕ್ಕೆ ಆಸರೆಯಾಗಿದ್ದ ಸೋವಿಯತ್ ಒಕ್ಕೂಟ ಬಿತ್ತು. ಹೊಟ್ಟೆಗಿಲ್ಲದ ದಿನಗಳು ಬಂದವು. 1993ರಲ್ಲಿ ಡಾಲರ್ ಇಟ್ಟುಕೊಳ್ಳುವುದಕ್ಕೆ ಅನುಮತಿ ಸಿಕ್ಕಿತು. ಸಕ್ಕರೆ ನಂಬಿದ್ದ ದೇಶ ಪ್ರವಾಸಿಗರನ್ನು ನಂಬಿತು. ಎಲ್ಲರಿಗೂ ತೆರೆದಿದ್ದ ತೀರದಲ್ಲೇ ಹೋಟೆಲುಗಳೆದ್ದವು. ಅವುಗಳಲ್ಲಿ ಕ್ಯೂಬಾದವರು ತಂಗುವಂತಿಲ್ಲ ಅನ್ನುವ ನಿಯಮ 2008ರವರೆಗೂ ಇತ್ತು.

ನಮ್ಮ ರೂಮು ಗುಡಿಸುತ್ತಿದ್ದ ಹೆಂಗಸು ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದರಂತೆ. ಮೊಬೈಲಿನ ಅನುವಾದ ಇಟ್ಟುಕೊಂಡು ಇಬ್ಬರೂ ಹರಟಿದೆವು. ಟೀಚರ ಸಂಬಳಕ್ಕಿಂತ ದಿಂಬಿನ ಕೆಳಗೆ ಸಿಗುವ ಟಿಪ್ಸೇ ಜಾಸ್ತಿ ಅಂದರು. ಅವರ ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ರಿಸೆಪ್ಷನ್ ಕೆಲಸಕ್ಕೆ ಹೋದರೆ 'ಬುಯೆನಾ ಪ್ರೆಸೆನ್ಸಿಯಾ' ಇಲ್ಲ ಅಂದರಂತೆ. ಅನುವಾದದ ಯಂತ್ರ ಅದಕ್ಕೆ ಏನೇನೋ ಹೇಳಿತು. ಅವರು ಸುಮ್ನೆ ತಮ್ಮ ಕೆನ್ನೆ ಮುಟ್ಟಿ ತೋರಿಸಿದರು. ನನಗೆ ತಟ್ಟನೆ ಕನ್ನಡದಲ್ಲೇ ಹೊಳೆಯಿತು: 'ಹುಡುಗಿ ಲಕ್ಷಣವಾಗಿರಬೇಕು.' ನನ್ನನ್ನು ನೋಡಲು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರು ಹೇಳಿಕಳಿಸುತ್ತಿದ್ದ ಮಾತು.

ಅವತ್ತಿನಿಂದ ಹೋಟೆಲಿನಲ್ಲಿ ಬಣ್ಣ ಲೆಕ್ಕ ಹಾಕೋದೇ ನನ್ನ ಕೆಲಸವಾಯಿತು. ಕೌಂಟರಿನಲ್ಲಿ ಬೆಳ್ಳಗಿನವರು. ಲಾಂಡ್ರಿಯಲ್ಲಿ, ಅಡುಗೆಮನೆಯ ಹಿಂಬಾಗಿಲಲ್ಲಿ ಕಪ್ಪಗಿನವರು. ಮನೆಯ ಕೋಣೆಯನ್ನೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡಬಹುದಲ್ಲ ಅಂತೀಯಾ? 1997ರಿಂದ ಅದಕ್ಕೂ ಪರವಾನಗಿ ಇದೆ. ಆದರೆ ಒಳ್ಳೆ ಬಡಾವಣೆಯ ಮನೆ ಬೇಕು, ದುರಸ್ತಿಗೆ ಅಮೆರಿಕದ ಮಯಾಮಿಯಲ್ಲಿರುವ ನೆಂಟರಿಂದ ದುಡ್ಡು ಬರಬೇಕು. ಮೊದಲು ಅಮೆರಿಕಕ್ಕೆ ಹೋದವರಲ್ಲಿ ಬಿಳಿಯರೇ ಹೆಚ್ಚು. ಹಾಗಾಗಿ ಆ ದುಡ್ಡೂ ಅವರ ನೆಂಟರಿಗೇ ಜಾಸ್ತಿ ಬರುತ್ತದೆ.

ಒಂದು ಕಡೆ ಮಾತ್ರ ಕಪ್ಪು ಹೆಣ್ಣಿಗೆ ಎಲ್ಲರಿಗಿಂತ ಮುಂದೆ ಜಾಗ. ಅದು ಪ್ರವಾಸಿಗರ ಕ್ಯಾಮೆರಾ ಮುಂದೆ. ರಾಜಧಾನಿ ಹವಾನಾದ ಕೆಥೆಡ್ರಲ್ ಚೌಕದಲ್ಲಿ ಅಜ್ಜಿಯೊಬ್ಬರು ಹಳೇ ಕಾಲದ ಬಿಳಿ ಲಂಗ ತೊಟ್ಟು, ತಲೆಗೆ ಹೂ ಮುಡಿದು, ಬಾಯಲ್ಲಿ ಗೇಣುದ್ದ ಚುಟ್ಟಾ ಇಟ್ಟು ಕೂತಿದ್ದರು. ಜತೆಗೆ ಫೋಟೋ ತೆಗೆಸಿಕೊಂಡರೆ ದುಡ್ಡು ಕೊಡಬೇಕು. ನನ್ನ ಜತೆಯವರೆಲ್ಲ ತೆಗೆಸಿಕೊಂಡರು. ನಾನು ಹೋದಾಗ ಅಜ್ಜಿ ಚುಟ್ಟಾ ಕೆಳಗಿಟ್ಟು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. ತಮ್ಮವಳೇ ಅಂದುಕೊಂಡಿದ್ದರೋ ಏನೋ. ಫೋಟೋ ಬೇಡ ಅಂದೆ. ಸುಮ್ನೆ ಪಕ್ಕದಲ್ಲಿ ಕೂತೆ. ಎರಡು ನಿಮಿಷ ಅಷ್ಟೇ. ಗಿರಾಕಿ ಬಂದರು, ಅಜ್ಜಿ ಚುಟ್ಟಾ ಬಾಯಿಗಿಟ್ಟು ನನ್ನನ್ನು ಆಚೆ ಸರಿ ಅಂತ ಕೈಸನ್ನೆ ಮಾಡಿದರು.

ನೀನು ಹೇಳಿದ್ದ ಚೆ ಟೀ ಶರ್ಟ್ ತಂದಿದ್ದೇನೆ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ದಪ್ಪ ತುಟಿಯ ಕರಿ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ನಿನಗೀಗ ಹೊಟ್ಟೆ ಬಂದಿದೆ ಅಂತ ನಿನ್ನ ಹೆಂಡತಿ ಹೇಳಿದ್ದಕ್ಕೆ ಡಬಲ್ ಎಕ್ಸ್‌ಎಲ್ಲೇ ತಗೊಂಡೆ. ದೀಪಾವಳಿಗೆ ಬಂದಾಗ ಕೊಡುತ್ತೇನೆ. ಈ ಸಲವಾದರೂ ಒಗೆದು ಹಾಕಿಕೋ.

ಇಂತಿ,
ನಿನ್ನ ಎಣ್ಣೆಗೆಂಪು ಗೆಳತಿ