ಟ್ಯಾಂಕಿಗೆ ಇಳಿಯುವ ಮುಂಚೆ: ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಫಿಟ್ಟರ್. ಹತ್ತೊಂಬತ್ತು ವರ್ಷಗಳಿಂದ ಐಸ್ ಪ್ಲಾಂಟು, ಮೀನಿನ ಶೆಡ್ಡು ಅಂತ ಕರೆದಲ್ಲಿಗೆ ಹೋಗಿ ಪಂಪು, ಮೋಟಾರು ರಿಪೇರಿ ಮಾಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಶೆಡ್ಡುಗಳಲ್ಲಿ ಟ್ಯಾಂಕು ತೊಳೆಯುವ ಕೆಲಸ ಜಾಸ್ತಿ ಆಗುವುದೂ ಆಗಲೇ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಒಂದು ಶೆಡ್ಡಿನಲ್ಲಿ ಪಂಪು ಬಿಚ್ಚುತ್ತಿದ್ದೆ. ಪಕ್ಕದಲ್ಲೇ ಮೀನಿನ ಕೊಳಕು ನೀರು ನಿಲ್ಲುವ ಟ್ಯಾಂಕು. ಇಪ್ಪತ್ತರ ಹುಡುಗನೊಬ್ಬ ಮುಚ್ಚಳ ಸರಿಸಿದ, ಚಪ್ಪಲಿ ಬದಿಗಿಟ್ಟ, ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಏಣಿಗೆ ಕಾಲಿಟ್ಟ. ನಾನು ಓಡಿ ಹೋಗಿ ತೋಳು ಹಿಡಿದೆ. "ಮೊದಲು ವಾಸನೆ ಇತ್ತು ಭಯ್ಯಾ, ಈಗ ಇಲ್ಲ" ಅಂದ. ನನಗೆ ಕೈಕಾಲು ತಣ್ಣಗಾಯಿತು. ಕೊಳೆತ ಮೀನಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಅದು ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು ಅಂದರೆ ಗಾಳಿ ಶುದ್ಧವಾಯಿತು ಅಂತಲ್ಲ. ಗಾಳಿಗಿಂತ ಭಾರದ ಅನಿಲ ಅದು, ತಳದಲ್ಲೇ ಕೂತಿರುತ್ತದೆ. ಬೈರಾಸು ಅದನ್ನು ತಡೆಯುವುದಿಲ್ಲ.

ಆ ಗೋಡೆಯಲ್ಲಿ ಬೋರ್ಡು ಇತ್ತು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಹುಡುಗನಿಗೆ ಓದಲು ಬರುವುದು ಬಂಗಾಳಿ ಮಾತ್ರ.

2022ರ ಏಪ್ರಿಲ್ ತಮಗೆ ಗೊತ್ತೇ ಇದೆ. ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ಇಂಥದೇ ಟ್ಯಾಂಕಿಗೆ ಐದು ಜನ ಬಲಿಯಾದರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮೊದಲು ಬಿದ್ದವನನ್ನು ಎತ್ತಲು ಹೋಗಿ ಉಳಿದವರೂ ಹೋದರು. ಗೆಳೆಯ ಬಿದ್ದದ್ದನ್ನು ನೋಡಿಕೊಂಡು ಯಾರು ಸುಮ್ನೆ ನಿಲ್ಲುತ್ತಾರೆ, ಅಲ್ವಾ? ಹಾಗೆ ಇಳಿಯಬಾರದು ಅಂತ ಅವರಿಗೆ ಮುಂಚೆಯೇ ಹೇಳಿಕೊಡಬೇಕಿತ್ತು.

ನಮ್ಮ ಹಿರಿಯರು ಹಳೆಯ ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆ ಬುದ್ಧಿ ಇವತ್ತಿಗೂ ಬೇಕು. ದೀಪ ಮಾತ್ರ ಬೇಡವೇ ಬೇಡ, ಈ ಅನಿಲಕ್ಕೆ ಬೆಂಕಿ ಹಿಡಿಯುತ್ತದೆ. ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗ್ಯಾಸ್ ಮೀಟರ್ ಸಿಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ಕೇಳಿದ್ದೂ ಇದನ್ನೇ: ಒಳಗಿನ ಗಾಳಿ ಪರೀಕ್ಷಿಸಿ, ಇಳಿಯಲು ಅಪಾಯವಿಲ್ಲ ಅಂತ ಗೊತ್ತಿರುವವರು ಬರೆದುಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಇರಬೇಕು, ಸೊಂಟದ ಬೆಲ್ಟಿಗೆ ಹಗ್ಗ ಇರಬೇಕು, ಆ ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ ಮುಂಚೆ 10 ಜನ ಇದ್ದರೆ ಕಾರ್ಖಾನೆ, ಈಗ 20 ಬೇಕು. ನಾನು ಹೋಗುವ ಶೆಡ್ಡುಗಳಲ್ಲಿ ಹನ್ನೆರಡೋ ಹದಿನೈದೋ ಜನ ಇರುತ್ತಾರೆ. ಅಲ್ಲಿಗೆ ಯಾರು ಬಂದು ನೋಡುತ್ತಾರೆ ಅನ್ನುವುದೇ ನನ್ನ ಚಿಂತೆ.

ಗಾರ್ಡ್ ಇಲ್ಲದ ಗ್ರೈಂಡರು, ಒದ್ದೆ ನೆಲದ ಮೇಲೆ ಎಳೆದ ವಯರು, ಐಸ್ ಪ್ಲಾಂಟಿನಲ್ಲಿ ಸೋರುವ ಅಮೋನಿಯಾ, ಇವೂ ಇವೆ. ಅವು ಕಣ್ಣಿಗೋ ಮೂಗಿಗೋ ಗೊತ್ತಾಗುತ್ತವೆ. ಟ್ಯಾಂಕಿನೊಳಗಿನ ಗಾಳಿ ಹಾಗಲ್ಲ. ಅದಕ್ಕೇ ಅದನ್ನು ಮೊದಲು ಹಿಡಿಯಿರಿ ಅಂತ ಬೇಡಿಕೊಳ್ಳುತ್ತೇನೆ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಮೇ ತಿಂಗಳೊಳಗೆ ಸಣ್ಣ ಶೆಡ್ಡುಗಳಿಗೂ ಅನ್ವಯಿಸುವ ಆದೇಶ ಹೊರಡಿಸಿ. ಆದಷ್ಟು ಮಟ್ಟಿಗೆ ಹೊರಗಿನಿಂದಲೇ ಪಂಪು, ಪೈಪು ಹಾಕಿ ತೊಳೆಯಲಿ, ಯಾರೂ ಇಳಿಯುವುದೇ ಬೇಡ. ಇಳಿಯಲೇಬೇಕಾದರೆ ಮೀಟರ್ ತೋರಿಸಿದ ಅಂಕಿ ಬರೆದಿಟ್ಟು, ಮೇಲೆ ಒಬ್ಬ ಹಗ್ಗ ಹಿಡಿದು ನಿಂತ ಮೇಲೆಯೇ. ಪ್ರತಿ ಶೆಡ್ಡಿಗೂ ಮೀಟರ್ ಕೊಳ್ಳಲು ಆಗದು ಅಂದರೆ ಬೈಕಂಪಾಡಿಯಲ್ಲಿ, ಬಂದರಿನಲ್ಲಿ ಒಂದೊಂದು ಇಟ್ಟು ಬೇಕಾದವರಿಗೆ ಕೊಡಬಹುದು.

ಬೋರ್ಡುಗಳು ಬಂಗಾಳಿ, ಒಡಿಯಾ, ಹಿಂದಿಯಲ್ಲೂ ಇರಲಿ, ಚಿತ್ರವೂ ಇರಲಿ. ಬರೆಯಲು ಜನ ಬೇಕಾದರೆ ಆ ಹುಡುಗನೇ ಇದ್ದಾನೆ, ಅವನ ಬಂಗಾಳಿ ಅಕ್ಷರ ದುಂಡಗಿದೆ. ತಾವು ಹೇಳಿದ ದಿನ ನಾನೇ ಕರೆದುಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೈಕಂಪಾಡಿಯ ಒಬ್ಬ ಫಿಟ್ಟರ್